ವನ್ಯಜೀವಿ ಅಪರಾಧ ಮತ್ತು ಡಿಎನ್‌ಎ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ವಲಯ ಅರಣ್ಯ ಕಚೇರಿಗಳಿಂದ, ಪಶುವೈದ್ಯರಿಂದ, ವಕೀಲರಿಂದ, ವಿದ್ಯಾರ್ಥಿಗಳಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಇಲ್ಲಿನ ಉತ್ತರಗಳು ಭಾರತದ ಕಾನೂನಿಗೂ ಇಲ್ಲಿನ ಪ್ರಯೋಗಾಲಯಗಳ ರೂಢಿಗೂ ಹೊಂದುವಂಥವು. ಮಾದರಿ ತೆಗೆಯುವುದಕ್ಕೂ ಕಟ್ಟುವುದಕ್ಕೂ ಹೆಚ್ಚು ಜಾಗ ಕೊಟ್ಟಿದ್ದೇವೆ. ಕೇಸು ಬಿದ್ದುಹೋಗುವುದು ಬಹುತೇಕ ಅಲ್ಲೇ, ಯಂತ್ರದ ಮುಂದೆ ಅಲ್ಲ.

ಸಿಕ್ಕಿದ ಮಾಲು ಕಣ್ಣಿಗೇ ಕಾಣುತ್ತದಲ್ಲ, ಡಿಎನ್‌ಎ ಯಾಕೆ ಬೇಕು?

ಪಟ್ಟೆ ಇರುವ ಇಡೀ ಹುಲಿ ಚರ್ಮಕ್ಕೆ ಬೇಕಿಲ್ಲ. ಅನುಭವಿ ಅಧಿಕಾರಿಯೋ ಪಶುವೈದ್ಯರೋ ನೋಡಿ ಹೇಳಬಹುದು. ತೊಂದರೆ ಇರುವುದು ತುಂಡು ಮಾಡಿದ ಮಾಂಸ, ಸುಟ್ಟ ಮೂಳೆ, ಪಾಲಿಶ್ ಮಾಡಿದ ಉಗುರು, ಪುಡಿ, ಕತ್ತಿಯ ಮೇಲಿನ ರಕ್ತದ ಕಲೆ, ಜೀಪಿನ ಹಿಂಬದಿಯಲ್ಲಿ ಉಳಿದ ನಾಲ್ಕು ಕೂದಲು ಇಂಥವುಗಳಲ್ಲಿ. ಪಾತ್ರೆಯಲ್ಲಿದ್ದದ್ದು ಕಡವೆಯೋ ಕುರಿಯೋ ಎಂದು ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಆರೋಪಿ 'ಸಂತೆಯಿಂದ ತಂದ ಮಟನ್' ಎಂದರೆ ಅಲ್ಲಿಗೆ ಮಾತು ನಿಲ್ಲುತ್ತದೆ.

ಪ್ರಾಣಿ ಯಾವುದು ಎನ್ನುವುದರ ಮೇಲೆಯೇ ಶಿಕ್ಷೆಯೂ ನಿಂತಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ಕ್ಕೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಂತೆ ಅನುಸೂಚಿ 1ರ (ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಯ) ಪ್ರಾಣಿಯಾದರೆ ಕನಿಷ್ಠ 3, ಗರಿಷ್ಠ 7 ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಪ್ರಾಣಿ ಯಾವುದೆಂದು ರುಜುವಾತಾಗದಿದ್ದರೆ ಅನುಸೂಚಿಯ ಮಾತೇ ಏಳುವುದಿಲ್ಲ.

ಪರೀಕ್ಷೆ ಯಾವ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ?

ಇದು ಯಾವ ಪ್ರಾಣಿ? ಈ ಎರಡು ಮಾದರಿಗಳು ಒಂದೇ ಪ್ರಾಣಿಯವೋ ಬೇರೆಯವೋ? ಗಂಡೋ ಹೆಣ್ಣೋ? ಯಾವ ಪ್ರದೇಶದ ಸಂತತಿಗೆ ಸೇರಿದ್ದು? ಮೊದಲನೆಯದಕ್ಕೆ ಬಹುತೇಕ ಎಲ್ಲ ಮಾದರಿಗಳಿಂದಲೂ ಉತ್ತರ ಸಿಗುತ್ತದೆ. ಉಳಿದವುಗಳಿಗೆ ಒಳ್ಳೆಯ ಮಾದರಿ ಬೇಕು. ಕೊನೆಯದಕ್ಕೆ ಆ ಪ್ರಾಣಿಯ ಬೇರೆ ಬೇರೆ ಕಾಡುಗಳ ದತ್ತಾಂಶ ಮೊದಲೇ ಸಿದ್ಧವಿರಬೇಕು.

ಪ್ರಾಣಿ ಹೇಗೆ ಸತ್ತಿತು, ಯಾವಾಗ ಸತ್ತಿತು, ಗುಂಡೇಟೋ ವಿಷವೋ ಸಹಜ ಸಾವೋ ಎಂಬುದನ್ನು ಡಿಎನ್‌ಎ ಹೇಳುವುದಿಲ್ಲ. ಅದು ಮರಣೋತ್ತರ ಪರೀಕ್ಷೆ, ರಾಸಾಯನಿಕ ವಿಶ್ಲೇಷಣೆ ಮತ್ತು ಬ್ಯಾಲಿಸ್ಟಿಕ್ಸ್‌ನ (ಬಂದೂಕು, ಗುಂಡುಗಳ ಪರೀಕ್ಷೆಯ) ಕೆಲಸ. 'ಸತ್ತು ಬಿದ್ದಿದ್ದರಿಂದ ಕಿತ್ತುಕೊಂಡೆ' ಎಂಬ ವಾದವೂ ಹೆಚ್ಚು ದೂರ ಹೋಗದು. ವನ್ಯಪ್ರಾಣಿಯ ಅಂಗ ಒಬ್ಬರ ವಶದಲ್ಲಿತ್ತು ಎಂದು ರುಜುವಾತಾದರೆ, ಬೇರೆ ರೀತಿ ಸಾಬೀತಾಗುವವರೆಗೆ ಅದು ಕಾನೂನುಬಾಹಿರ ವಶ ಎಂದೇ ಭಾವಿಸಬೇಕು ಎನ್ನುತ್ತದೆ ಕಾಯ್ದೆಯ ಸೆಕ್ಷನ್ 57.

ಮೈಟೊಕಾಂಡ್ರಿಯಾ ಡಿಎನ್‌ಎ, ಕೋಶಕೇಂದ್ರದ ಡಿಎನ್‌ಎ: ಎರಡು ಬಗೆ ಯಾಕೆ?

ಒಂದು ಜೀವಕೋಶದಲ್ಲಿ ಕೋಶಕೇಂದ್ರ ಒಂದೇ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳ ಡಿಎನ್‌ಎಯ ಪ್ರತಿಗಳು ನೂರಾರು, ಸಾವಿರಾರು. ಹಳೆಯ, ಬೆಂದ, ಕೊಳೆತ ಮಾದರಿಯಲ್ಲಿ ಬದುಕುಳಿಯುವುದು ಎರಡನೆಯದೇ. ಹೀಗಾಗಿ ಪ್ರಾಣಿಯ ಗುರುತಿಗೆ ಮೈಟೊಕಾಂಡ್ರಿಯಾದ ಸೈಟೊಕ್ರೋಮ್ ಬಿ, 16ಎಸ್, 12ಎಸ್, ಸಿಒಐ ಜೀನ್‌ಗಳನ್ನು ಓದುತ್ತಾರೆ. ಆದರೆ ಇದು ತಾಯಿಯಿಂದ ಮಾತ್ರ ಬರುವುದರಿಂದ ತಾಯಿ, ಮಕ್ಕಳು, ಒಡಹುಟ್ಟಿದವು ಎಲ್ಲಕ್ಕೂ ಒಂದೇ ಆಗಿರುತ್ತದೆ. 'ಇದೇ ಹುಲಿ' ಎನ್ನಬೇಕಾದರೆ ಕೋಶಕೇಂದ್ರದ ಮೈಕ್ರೊಸ್ಯಾಟಲೈಟ್ (ಮರುಕಳಿಸುವ ಚಿಕ್ಕ ತುಣುಕು) ಅಥವಾ ಎಸ್‌ಎನ್‌ಪಿ (ಒಂದೇ ಅಕ್ಷರದ ವ್ಯತ್ಯಾಸ) ಗುರುತುಗಳೇ ಬೇಕು.

ಹೈದರಾಬಾದಿನ ಸಿಸಿಎಂಬಿಯ (ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ) ಎಸ್.ಕೆ. ವರ್ಮಾ ಮತ್ತು ಲಾಲ್‌ಜಿ ಸಿಂಗ್ 2003ರಲ್ಲಿ ಪ್ರಕಟಿಸಿದ ಸಾರ್ವತ್ರಿಕ ಪ್ರೈಮರ್ (ಬೇಕಾದ ಡಿಎನ್‌ಎ ತುಣುಕನ್ನು ಹುಡುಕಿ ಹಿಡಿಯುವ ಚಿಕ್ಕ ಎಳೆ) ಜೋಡಿ ಈ ಕೆಲಸದಲ್ಲಿ ದೊಡ್ಡ ತಿರುವು. ಸೈಟೊಕ್ರೋಮ್ ಬಿ ಜೀನಿನ 472 ಅಕ್ಷರಗಳಷ್ಟು (ಡಿಎನ್‌ಎ ಎಳೆಯ ಒಂದೊಂದು ಘಟಕವನ್ನೂ ಅಕ್ಷರ ಎನ್ನುತ್ತೇವೆ) ಉದ್ದದ ತುಣುಕನ್ನು ಅದು ಸಸ್ತನಿ, ಹಕ್ಕಿ, ಸರೀಸೃಪ ಹೀಗೆ ಬಗೆಬಗೆಯ ಪ್ರಾಣಿಗಳಿಂದ ಎತ್ತಿಕೊಡುತ್ತದೆ. ಯಾವ ಪ್ರಾಣಿ ಇರಬಹುದು ಎಂದು ಮೊದಲೇ ಊಹಿಸಬೇಕಾಗಿಲ್ಲ. ಜಪ್ತಿ ಮಾಲಿನ ವಿಷಯದಲ್ಲಿ ಇದೇ ಮುಖ್ಯ ಅನುಕೂಲ.

ಸ್ಥಳದಲ್ಲಿ ಮಾದರಿ ತೆಗೆಯುವುದು ಹೇಗೆ?

ಒಂದೊಂದು ವಸ್ತುವಿಗೂ ಹೊಸ ಕೈಗವಸು, ಹೊಸ ಬ್ಲೇಡು. ಹತ್ತು ಪೊಟ್ಟಣ ಮಾಂಸವಿದ್ದರೆ ಹತ್ತರಿಂದಲೂ ಬೇರೆ ಬೇರೆ ಮಾದರಿ ತೆಗೆಯಬೇಕು. ಒಂದರಲ್ಲಿ ಕಡವೆ, ಇನ್ನೊಂದರಲ್ಲಿ ಕಾಡುಕುರಿ ಇದ್ದೀತು. ಎಲ್ಲವನ್ನೂ ಒಂದೇ ಡಬ್ಬಿಗೆ ತುಂಬಿದರೆ ಯಂತ್ರ ಎರಡು ಪ್ರಾಣಿಗಳ ಅಕ್ಷರಗಳನ್ನು ಒಂದರ ಮೇಲೊಂದು ತೋರಿಸುತ್ತದೆ, ಓದಲಾಗುವುದಿಲ್ಲ. ಪ್ರತಿಯೊಂದರಿಂದಲೂ ಎರಡು ಜೊತೆ ತೆಗೆಯಿರಿ: ಒಂದು ಪ್ರಯೋಗಾಲಯಕ್ಕೆ, ಇನ್ನೊಂದು ಮರುಪರೀಕ್ಷೆಗೆಂದು ಕಾಯ್ದಿರಿಸಲು.

ಹಸಿ ಮಾಂಸ: ಹೊರಗಿನ ಪದರ ಬಿಟ್ಟು ಒಳಗಿನಿಂದ ಹೆಬ್ಬೆರಳ ಗಾತ್ರದಷ್ಟು ತೆಗೆದು, 1 ಸೆಂ.ಮೀ.ಗಿಂತ ಸಣ್ಣ ಚೂರು ಮಾಡಿ, ಮಾಂಸದ ಐದು ಪಟ್ಟು ಅಬ್ಸಲ್ಯೂಟ್ (ನೀರು ಬೆರೆಸದ) ಆಲ್ಕೊಹಾಲ್‌ನಲ್ಲಿ ಮುಳುಗಿಸಿ. ಚೂರು ದಪ್ಪವಿದ್ದರೆ ಆಲ್ಕೊಹಾಲ್ ನಡುವಿಗೆ ಇಳಿಯುವ ಮೊದಲೇ ಒಳಗೆ ಕೊಳೆಯುತ್ತದೆ. ಡಿನೇಚರ್ಡ್ ಸ್ಪಿರಿಟ್ ಬೇಡ, ಅದರಲ್ಲಿ ಬೆರೆಸಿದ ರಾಸಾಯನಿಕಗಳು ಡಿಎನ್‌ಎಗೆ ಆಗಿಬರುವುದಿಲ್ಲ. ಆಲ್ಕೊಹಾಲ್ ಸಿಗಲೇ ಇಲ್ಲವೆಂದರೆ ತೆಳುವಾಗಿ ಕತ್ತರಿಸಿ ಅಡುಗೆ ಉಪ್ಪಿನಲ್ಲಿ ಪೂರ್ತಿ ಹುದುಗಿಸಿಡಿ. ಫ್ರಿಜ್ಜಿಗಿಂತ ಇದು ನಂಬಿಕಸ್ಥ, ವಿದ್ಯುತ್ತು ಹೋಗಿ ಬಂದು ಹೋಗುವ ಊರುಗಳಲ್ಲಂತೂ ಹೌದು. ಕರಗಿ ಮತ್ತೆ ಗಟ್ಟಿಯಾದ ಮಾಂಸದಲ್ಲಿ ಡಿಎನ್‌ಎ ತುಂಡು ತುಂಡಾಗಿರುತ್ತದೆ.

ರಕ್ತ: ಹಸಿಯಿದ್ದರೆ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇರುವ ನೇರಳೆ ಮುಚ್ಚಳದ ಟ್ಯೂಬು. ಹೆಪಾರಿನ್ ಇರುವ ಹಸಿರು ಮುಚ್ಚಳದ್ದು ಬೇಡ, ಹೆಪಾರಿನ್ ಪಿಸಿಆರ್‌ಗೆ (ಡಿಎನ್‌ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ವಿಧಾನಕ್ಕೆ) ಅಡ್ಡಿ. ಕತ್ತಿ, ಮಚ್ಚು, ವಾಹನದ ಮೇಲೆ ಒಣಗಿದ ಕಲೆಯಾದರೆ ಸ್ಟೆರೈಲ್ ಹತ್ತಿಕಡ್ಡಿಗೆ ಒಂದೆರಡು ಹನಿ ಡಿಸ್ಟಿಲ್ಡ್ ನೀರು ತಾಗಿಸಿ ಒರೆಸಿ, ನೆರಳಲ್ಲಿ ಒಣಗಿಸಿ, ಕಾಗದದ ಕವರಿಗೆ ಹಾಕಿ. ಪಕ್ಕದ ಸ್ವಚ್ಛ ಜಾಗದಿಂದಲೂ ಒಂದು ಕಡ್ಡಿ ಒರೆಸಿ ಬೇರೆ ಕವರಿನಲ್ಲಿಡಿ, ಹೋಲಿಕೆಗೆ ಬೇಕಾಗುತ್ತದೆ.

ಕೂದಲು: ಬೇರಿನ ಸಮೇತ ಹತ್ತಿಪ್ಪತ್ತು. ಕೋಶಕೇಂದ್ರದ ಡಿಎನ್‌ಎ ಇರುವುದು ಬೇರಿನಲ್ಲೇ. ಕತ್ತರಿಸಿದ ಕೂದಲಿನಿಂದ ಸಾಮಾನ್ಯವಾಗಿ ಮೈಟೊಕಾಂಡ್ರಿಯಾ ಡಿಎನ್‌ಎ ಮಾತ್ರ ಸಿಗುತ್ತದೆ. ಮುಂಗುಸಿ ಕೂದಲಿನ ಬ್ರಷ್ಷುಗಳ ವಿಷಯದಲ್ಲಿ ಇದು ಪದೇ ಪದೇ ಎದುರಾಗುತ್ತದೆ.

ಚರ್ಮದ ಅಂಚಿನಿಂದ 2 ಸೆಂ.ಮೀ. ಚೌಕ ಸಾಕು. ಮೂಳೆ, ಕೊಂಬು, ದಂತ, ಚಿಪ್ಪುಗಳನ್ನು ಒಣಗಿಸಿ ಕಾಗದದಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಬೂಷ್ಟು ಹಿಡಿಯುತ್ತದೆ, ಆಮೇಲೆ ಸಿಗುವುದು ಶಿಲೀಂಧ್ರದ ಡಿಎನ್‌ಎ. ದಂತವನ್ನು ವಿದ್ಯುತ್ ಗರಗಸದಲ್ಲಿ ಜೋರಾಗಿ ಕೊಯ್ಯಬೇಡಿ, ಬಿಸಿಗೆ ಒಳಗಿನ ಡಿಎನ್‌ಎ ಸುಟ್ಟುಹೋಗುತ್ತದೆ.

ಇನ್ನು ಫಾರ್ಮಲಿನ್. ಅಂಗಾಂಶದ ಸೂಕ್ಷ್ಮದರ್ಶಕ ಪರೀಕ್ಷೆಗೆ ಪಶುವೈದ್ಯರು ಅದರಲ್ಲಿ ಹಾಕುವುದು ಸರಿಯಾದ ಕ್ರಮವೇ. ಡಿಎನ್‌ಎಗೆ ಮಾತ್ರ ಅದು ಶತ್ರು, ಪ್ರೋಟೀನು ಮತ್ತು ಡಿಎನ್‌ಎಯನ್ನು ಹೆಣೆದುಬಿಡುತ್ತದೆ. ಒಂದೇ ಮರಣೋತ್ತರ ಪರೀಕ್ಷೆಯಲ್ಲಿ ಎರಡಕ್ಕೂ ಪ್ರತ್ಯೇಕ ಡಬ್ಬಿ ಇಡಿ, ಡಿಎನ್‌ಎ ಮಾದರಿಯನ್ನು ಮೊದಲು ತೆಗೆಯಿರಿ.

ಬೇಯಿಸಿದ ಮಾಂಸ, ಸಾರು ಸಿಕ್ಕರೆ?

ಆಗುತ್ತದೆ. ಬೇಯುವಾಗ ಡಿಎನ್‌ಎ ತುಂಡಾಗುತ್ತದೆಯೇ ಹೊರತು ಮಾಯವಾಗುವುದಿಲ್ಲ. 472 ಅಕ್ಷರದ ಉದ್ದ ತುಣುಕು ಬಾರದಿದ್ದರೆ 150–200 ಅಕ್ಷರದ ಚಿಕ್ಕ ತುಣುಕಿಗೆ ಪ್ರಯತ್ನಿಸುತ್ತಾರೆ. ಸಾರು ಸುರಿದು ಕಳಿಸುವುದಕ್ಕಿಂತ ಮೂಳೆಗೆ ಅಂಟಿದ ದಪ್ಪ ತುಂಡುಗಳನ್ನು ಆರಿಸಿ, ಮಸಾಲೆ ಒರೆಸಿ, ಆಲ್ಕೊಹಾಲ್‌ಗೆ ಹಾಕಿ. ಎಣ್ಣೆ ಮತ್ತು ಮಸಾಲೆಯ ಬಣ್ಣದ ಅಂಶಗಳು ಪಿಸಿಆರ್ ಅನ್ನು ತಡೆಯುತ್ತವೆ. ಪ್ರೆಷರ್ ಕುಕ್ಕರಿನಲ್ಲಿ ಬಹಳ ಹೊತ್ತು ಬೆಂದದ್ದರಿಂದ 'ಇದೇ ಪ್ರಾಣಿ, ಇದೇ ಕಳೇಬರ' ಎಂಬ ಮಟ್ಟದ ಉತ್ತರ ನಿರೀಕ್ಷಿಸಬೇಡಿ.

ಮೊಹರು, ಮಹಜರು, ಪತ್ರ: ಇದರಲ್ಲಿ ಏನು ತಪ್ಪಾಗುತ್ತದೆ?

ಹೆಚ್ಚಿನ ಕೇಸುಗಳು ಹಾಳಾಗುವುದು ಇಲ್ಲೇ. ಮಹಜರಿನಲ್ಲಿ 'ಮೂರು ಡಬ್ಬಿ', ಪ್ರಯೋಗಾಲಯದ ಸ್ವೀಕೃತಿಯಲ್ಲಿ ನಾಲ್ಕು. ಡಬ್ಬಿಯ ಮೇಲೆ 'ಎ', ಪತ್ರದಲ್ಲಿ '1'. ಅರಗಿನ ಮೊಹರಿನ ಗುರುತು ಪತ್ರದಲ್ಲಿ ಒತ್ತಿದ ಮಾದರಿ ಮೊಹರಿಗೆ ಹೊಂದುವುದಿಲ್ಲ. ಇಂಥದ್ದು ಕಂಡರೆ ಪ್ರಯೋಗಾಲಯ ಪೊಟ್ಟಣವನ್ನು ವಾಪಸ್ ಕಳಿಸುತ್ತದೆ, ಇಲ್ಲವೇ ವ್ಯತ್ಯಾಸವನ್ನು ವರದಿಯಲ್ಲೇ ಬರೆಯುತ್ತದೆ. ಪಾಟೀಸವಾಲಿನಲ್ಲಿ ಪ್ರತಿವಾದಿ ವಕೀಲರಿಗೆ ಆ ಒಂದು ಸಾಲು ಸಾಕು.

ಲೇಬಲ್ಲನ್ನು ದಪ್ಪ ಕಾಗದದಲ್ಲಿ ಪೆನ್ಸಿಲಿನಿಂದ ಬರೆಯಿರಿ. ಆಲ್ಕೊಹಾಲ್ ಸೋರಿದರೆ ಪೆನ್ನಿನ ಶಾಯಿ ಅಳಿಸಿಹೋಗುತ್ತದೆ. ಒಂದು ಲೇಬಲ್ ಡಬ್ಬಿಯ ಒಳಗೆ, ಒಂದು ಹೊರಗೆ. ಪ್ರಕರಣದ ಸಂಖ್ಯೆ, ದಿನಾಂಕ, ಸ್ಥಳ, ಮಾದರಿ ಏನು, ಎಲ್ಲಿಂದ ತೆಗೆದದ್ದು, ತೆಗೆದವರ ಮತ್ತು ಪಂಚರ ಸಹಿ ಇರಲಿ. ಮಾದರಿ ಯಾರ ಕೈಯಿಂದ ಯಾರ ಕೈಗೆ, ಯಾವ ದಿನ, ಎಷ್ಟು ಗಂಟೆಗೆ ಹೋಯಿತು, ಮಧ್ಯೆ ಎಲ್ಲಿತ್ತು ಎಂಬ ಸರಪಳಿಯ ಪ್ರತಿ ಕೊಂಡಿಗೂ ಸಹಿ ಬೇಕು. ವಲಯ ಕಚೇರಿಯ ಬೀರುವಿನಲ್ಲಿ ಎರಡು ವಾರ ಇದ್ದರೆ ಇತ್ತೆಂದೇ ಬರೆಯಿರಿ. ತಡವಾದದ್ದಕ್ಕೆ ಕಾರಣ ಕೊಡಬಹುದು, ಲೆಕ್ಕಕ್ಕೆ ಸಿಗದ ಎರಡು ವಾರಕ್ಕೆ ಕೊಡಲಾಗದು.

ಪತ್ರದಲ್ಲಿ ಪ್ರಶ್ನೆ ಸ್ಪಷ್ಟವಿರಲಿ. 'ಪರೀಕ್ಷಿಸಿ ವರದಿ ನೀಡುವುದು' ಎಂದಷ್ಟೇ ಬರೆದರೆ ಪ್ರಾಣಿಯ ಹೆಸರು ಬರುತ್ತದೆ, ಅಷ್ಟೇ. 'ಕತ್ತಿಯ ಮೇಲಿನ ರಕ್ತ (ಮಾದರಿ 2) ಮತ್ತು ಕಾಡಿನಲ್ಲಿ ಸಿಕ್ಕ ಕಳೇಬರ (ಮಾದರಿ 1) ಒಂದೇ ಪ್ರಾಣಿಯವೇ' ಎಂದು ಕೇಳಿದರೆ ಮಾತ್ರ ಆ ಪರೀಕ್ಷೆ ನಡೆಯುತ್ತದೆ. ಆರೋಪಿಯನ್ನು ಸ್ಥಳಕ್ಕೆ ಕಟ್ಟಿಹಾಕುವುದು ಆ ಎರಡನೆಯ ಉತ್ತರ.

ಎಲ್ಲಿಗೆ ಕಳಿಸಬೇಕು?

ಹೈದರಾಬಾದಿನ ಸಿಸಿಎಂಬಿಯ ಲಾಕೋನ್ಸ್ (ಅಳಿವಿನಂಚಿನ ಪ್ರಭೇದಗಳ ಸಂರಕ್ಷಣಾ ಪ್ರಯೋಗಾಲಯ) ಮತ್ತು ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ, ಇವೆರಡೂ ಈ ಕೆಲಸದಲ್ಲಿ ಹಳಬರು. ಕರ್ನಾಟಕಕ್ಕೆ ಹೈದರಾಬಾದ್ ಹತ್ತಿರ. ಚೆನ್ನೈ ಬಳಿಯ ವಂಡಲೂರಿನಲ್ಲೂ, ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದಲ್ಲೂ ಸೌಲಭ್ಯವಿದೆ. ಕಳಿಸುವ ಮೊದಲು ನಿಮ್ಮ ಬಗೆಯ ಮಾದರಿಯನ್ನು ತೆಗೆದುಕೊಳ್ಳುತ್ತಾರೆಯೇ, ಶುಲ್ಕ ಎಷ್ಟು, ಯಾವ ನಮೂನೆ ತುಂಬಬೇಕು ಎಂದು ವಿಚಾರಿಸಿಕೊಳ್ಳಿ.

ಪ್ರಯೋಗಾಲಯದಲ್ಲಿ ಏನು ನಡೆಯುತ್ತದೆ?

ಮೊದಲು ಮೊಹರು ನೋಡಿ, ಫೋಟೊ ತೆಗೆದು, ತೂಗಿ ದಾಖಲಿಸುತ್ತಾರೆ. ನಂತರ ಹೊರಮೈಯ ಕೊಳೆ ತೆಗೆದು, ಮಾಂಸವಾದರೆ ಸುಮಾರು 25 ಮಿಲಿಗ್ರಾಂ ಚೂರನ್ನು ಪ್ರೋಟೀನೇಸ್ ಕೆ ಎಂಬ ಕಿಣ್ವದ ಜೊತೆ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಕರಗಿಸುತ್ತಾರೆ. ಉಗುರು, ಕೂದಲು, ಚಿಪ್ಪುಗಳ ಕೆರಾಟಿನ್ ಅಷ್ಟಕ್ಕೆ ಕರಗದು, ಡಿಟಿಟಿ ಎಂಬ ರಾಸಾಯನಿಕ ಸೇರಿಸಬೇಕು. ಮೂಳೆ ಮತ್ತು ದಂತವನ್ನು ದ್ರವ ಸಾರಜನಕದ ತಣ್ಪಿನಲ್ಲಿ ಪುಡಿ ಮಾಡಿ, ಇಡಿಟಿಎಯಲ್ಲಿ ನೆನೆಸಿ ಕ್ಯಾಲ್ಸಿಯಂ ಬಿಡಿಸುತ್ತಾರೆ.

ಸಿಕ್ಕಿದ ಡಿಎನ್‌ಎಯನ್ನು ಪಿಸಿಆರ್ ಯಂತ್ರದಲ್ಲಿ 35–40 ಸುತ್ತು ಹೆಚ್ಚಿಸುತ್ತಾರೆ. ಪ್ರತಿ ಬಾರಿಯೂ ಡಿಎನ್‌ಎ ಹಾಕದ ಒಂದು ಖಾಲಿ ಟ್ಯೂಬು ಜೊತೆಗಿರುತ್ತದೆ. ಅದರಲ್ಲಿ ಏನಾದರೂ ಕಂಡರೆ ಕಲಬೆರಕೆಯಾಗಿದೆ ಎಂದರ್ಥ, ಆ ಇಡೀ ಸುತ್ತು ರದ್ದು. ಬಂದ ತುಣುಕನ್ನು ಎರಡೂ ದಿಕ್ಕಿನಿಂದ ಓದಿ, ಗುರುತು ಖಚಿತವಿರುವ ಪ್ರಾಣಿಗಳ ಅನುಕ್ರಮಗಳೊಂದಿಗೆ (ಡಿಎನ್‌ಎ ಅಕ್ಷರಗಳ ಸಾಲುಗಳೊಂದಿಗೆ) ಹೋಲಿಸುತ್ತಾರೆ. ಸಾರ್ವಜನಿಕ ದತ್ತಾಂಶ ಕೋಶವೊಂದನ್ನೇ ನಂಬುವುದು ಅಪಾಯ. ಅಲ್ಲಿ ತಪ್ಪು ಹೆಸರಿನಲ್ಲಿ ಸೇರಿಸಿದ ಅನುಕ್ರಮಗಳೂ ಇವೆ.

ಬೆಕ್ಕಿನ ಕುಟುಂಬದಲ್ಲಿ ಇನ್ನೊಂದು ಬಲೆ ಇದೆ. ಮೈಟೊಕಾಂಡ್ರಿಯಾದ ಡಿಎನ್‌ಎ ತುಂಡುಗಳು ಬಹಳ ಹಿಂದೆಯೇ ಕೋಶಕೇಂದ್ರದೊಳಗೆ ಹೋಗಿ ಸೇರಿಕೊಂಡಿವೆ. ಪ್ರೈಮರ್ ಅವನ್ನೇ ಹಿಡಿದರೆ ಓದು ಗೊಂದಲವಾಗುತ್ತದೆ. ಹುಲಿ, ಚಿರತೆ ಮಾದರಿಗಳಲ್ಲಿ ಒಂದಕ್ಕಿಂತ ಹೆಚ್ಚು ಜೀನ್ ಓದಿ ತಾಳೆ ನೋಡುವುದು ಇದಕ್ಕಾಗಿಯೇ.

ಕಾಡುಹಂದಿ ಮಾಂಸವೋ ಸಾಕುಹಂದಿ ಮಾಂಸವೋ?

ಕರ್ನಾಟಕದಲ್ಲಿ ಬಹಳ ಕೇಳುವ, ಬಹಳ ತೊಡಕಿನ ಪ್ರಶ್ನೆ. ಎರಡೂ ಒಂದೇ ಪ್ರಭೇದ. ಸೈಟೊಕ್ರೋಮ್ ಬಿ ಓದಿದರೆ 'ಹಂದಿ' ಎಂದು ಬರುತ್ತದೆ, ಆರೋಪಿಯೂ ಅದನ್ನೇ ಹೇಳುತ್ತಾನೆ. ಕೋಶಕೇಂದ್ರದ ಹಲವು ಗುರುತುಗಳನ್ನು ನೋಡಿದರೆ ಬೇರ್ಪಡಿಸಲು ಸಾಧ್ಯ, ಆದರೆ ಕಾಡಂಚಿನ ಊರುಗಳಲ್ಲಿ ಎರಡೂ ಕೂಡಿ ಹುಟ್ಟಿದ ಮರಿಗಳಿದ್ದರೆ ಅದೂ ಮಸುಕಾಗುತ್ತದೆ. ಇಂಥ ಕೇಸಿನಲ್ಲಿ ಚರ್ಮ, ಬಿರುಗೂದಲು, ಕೋರೆ, ತಲೆಯ ಫೋಟೊಗಳನ್ನು ಜೋಪಾನ ಮಾಡಿ. ಕಾಟಿಯ (ಕಾಡುಕೋಣದ) ವಿಷಯ ಹಾಗಲ್ಲ, ಅದು ದನ ಮತ್ತು ಎಮ್ಮೆಯಿಂದ ಬೇರೆ ಪ್ರಭೇದ, ಸರಾಗವಾಗಿ ಗುರುತಾಗುತ್ತದೆ.

ಹುಲಿ ಉಗುರು ಅಸಲಿಯೋ ನಕಲಿಯೋ?

2023ರ ಅಕ್ಟೋಬರಿನಲ್ಲಿ ಕರ್ನಾಟಕದಲ್ಲಿ ಹುಲಿ ಉಗುರಿನ ಪದಕಗಳ ಗದ್ದಲವೆದ್ದಾಗಿನಿಂದ ಈ ಪ್ರಶ್ನೆ ನಿಂತಿಲ್ಲ. ಮಾರುಕಟ್ಟೆಯಲ್ಲಿ ದನದ ಕೊಂಬು, ಗೊರಸು, ಪ್ಲಾಸ್ಟಿಕ್ಕಿನಿಂದ ಮಾಡಿದವು ಧಾರಾಳ. ಮೊದಲು ಆಕಾರ ನೋಡುತ್ತಾರೆ: ಅಸಲಿ ಉಗುರು ಒಳಗೆ ಪೊಳ್ಳಾಗಿದ್ದು ಮೂಳೆಯ ತಿರುಳಿನ ಮೇಲೆ ಕೂತಿರುತ್ತದೆ. ಬಳಿಕ ಡಿಎನ್‌ಎ. ಚಿನ್ನದ ಕಟ್ಟಿನೊಳಗೆ ಇರುವ ಬುಡದ ಭಾಗವೇ ಒಳ್ಳೆಯದು. ತುದಿ ಪಾಲಿಶ್ ಆಗಿ, ಹಾಕಿಕೊಂಡವರ ಬೆವರು ಹಿಡಿದು, ಅವರದೇ ಡಿಎನ್‌ಎ ಮೊದಲು ಸಿಗುತ್ತದೆ. ದನದ ಡಿಎನ್‌ಎ ಬಂದರೆ ಅಲ್ಲಿಗೆ ಮುಗಿಯಿತು. ಪ್ಲಾಸ್ಟಿಕ್ಕಾದರೆ ಏನೂ ಬರುವುದಿಲ್ಲ. ಆದರೆ 'ಏನೂ ಬರಲಿಲ್ಲ' ಎಂಬ ಫಲಿತಾಂಶವನ್ನು 'ನಕಲಿ' ಎಂದು ಓದಬಾರದು, ಹಾಳಾದ ಅಸಲಿಯಿಂದಲೂ ಬಾರದಿರಬಹುದು.

ಸಂತೆ, ಆನ್‌ಲೈನ್ ಅಂಗಡಿಗಳ 'ಹಥಾ ಜೋಡಿ' ಇದರ ಉಲ್ಟಾ. ಗಿಡದ ಬೇರು ಎಂದು ಮಾರುವ ಅದು ನಿಜಕ್ಕೂ ಗಂಡು ಉಡದ ಒಣಗಿಸಿದ ಜನನಾಂಗ. ನರಿಕೊಂಬಿನ ಕಥೆ ಬೇರೆ: ನರಿಗೆ ಕೊಂಬೇ ಇಲ್ಲ.

ಎಲ್ಲಿಯ ಆನೆ, ಎಲ್ಲಿಯ ಚಿರತೆ ಎಂದು ಹೇಳಬಹುದೇ?

ಯಾವ ಕಾಡಿನ ಪ್ರಾಣಿಗೆ ಯಾವ ಡಿಎನ್‌ಎ ಗುರುತು ಎಂಬ ನಕ್ಷೆ ಇದ್ದರೆ ಹೇಳಬಹುದು. ಆಫ್ರಿಕಾದ ದಂತಕ್ಕೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಯಾಮುಯೆಲ್ ವಾಸರ್ ಅವರ ತಂಡ ಕಾಡುಗಳಿಂದ ಆನೆ ಲದ್ದಿ ಸಂಗ್ರಹಿಸಿ ಅಂಥ ನಕ್ಷೆ ಮಾಡಿತು. 16 ಮೈಕ್ರೊಸ್ಯಾಟಲೈಟ್ ಗುರುತುಗಳಿಂದ ಜಪ್ತಿ ದಂತದ ಮೂಲ ಹುಡುಕಿ, ದೊಡ್ಡ ಜಪ್ತಿಗಳ ಬಹುಪಾಲು ದಂತ ಕೆಲವೇ ಪ್ರದೇಶಗಳಿಂದ ಬರುತ್ತಿದೆ ಎಂದು 2015ರಲ್ಲಿ ತೋರಿಸಿತು. 2022ರಲ್ಲಿ 49 ಜಪ್ತಿಗಳ 4,320 ದಂತಗಳನ್ನು ಪರೀಕ್ಷಿಸಿ, ಬೇರೆ ಬೇರೆ ಬಂದರುಗಳಲ್ಲಿ ಸಿಕ್ಕ ದಂತಗಳ ನಡುವೆ ತಾಯಿ-ಮಗು, ಒಡಹುಟ್ಟಿನ ನಂಟು ಕಂಡುಹಿಡಿಯಿತು. ಒಂದೇ ಹಿಂಡಿನ ಆನೆಗಳ ದಂತ ಎರಡು ಹಡಗುಗಳಲ್ಲಿ ಹೋಗಿದ್ದರೆ ಸಾಗಿಸಿದ ಜಾಲವೂ ಒಂದೇ ಇರಬೇಕು ಎಂಬ ತರ್ಕ ಅದು. ಕೂಲಿಗೆ ಗುಂಡು ಹೊಡೆದವನನ್ನು ದಾಟಿ ದಂಧೆ ನಡೆಸುವವನತ್ತ ಹೋಗುವ ದಾರಿ ಇದು. ಈ ಕ್ಷೇತ್ರದಲ್ಲಿ ಇದಕ್ಕಿಂತ ಮುಖ್ಯವಾದ ಕೆಲಸ ಕಡಿಮೆ.

ಘೇಂಡಾಮೃಗಕ್ಕೆ ದಕ್ಷಿಣ ಆಫ್ರಿಕಾದ ಪ್ರಿಟೋರಿಯ ವಿಶ್ವವಿದ್ಯಾಲಯದಲ್ಲಿ ರೋಡಿಸ್ ಎಂಬ ಡಿಎನ್‌ಎ ಕೋಶವಿದೆ. ನಮ್ಮ ಒಂಟಿಕೊಂಬಿನ ಘೇಂಡಾಮೃಗಕ್ಕೆ ಅದೇ ಬಗೆಯದನ್ನು ಡೆಹ್ರಾಡೂನಿನಲ್ಲಿ ಕಟ್ಟಿದ್ದಾರೆ. ಭಾರತದ ಚಿರತೆ ಚರ್ಮಗಳ ಮೂಲ ಹುಡುಕಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಹುಲಿ ಚರ್ಮಕ್ಕೆ ಇನ್ನೂ ಸುಲಭದ ಉಪಾಯವಿದೆ: ಕ್ಯಾಮೆರಾ ಟ್ರ್ಯಾಪ್ ಚಿತ್ರಗಳ ಪಟ್ಟೆಗಳೊಂದಿಗೆ ಹೋಲಿಸುವುದು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ, ಬಂಡೀಪುರ, ನಾಗರಹೊಳೆಯ ಹುಲಿಗಳ ಚಿತ್ರಗಳು ವರ್ಷಗಳಿಂದ ಸಂಗ್ರಹವಾಗಿವೆ. ಚರ್ಮ ಸಿಕ್ಕ ದಿನವೇ ಎರಡೂ ಪಕ್ಕೆಯ ಫೋಟೊ ನೇರವಾಗಿ ತೆಗೆದಿಡಿ.

ಜೀವಂತ ನಕ್ಷತ್ರ ಆಮೆಗಳನ್ನು ಬಿಡುಗಡೆ ಮಾಡುವ ಮೊದಲು ಪರೀಕ್ಷೆ ಬೇಕೇ?

ಒಂದೇ ಕಾಡಿನಿಂದ ಹಿಡಿದವು ಎಂದು ಗೊತ್ತಿದ್ದರೆ ಅಷ್ಟು ಅಗತ್ಯವಿಲ್ಲ. ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸಿನೊಳಗೆ ಸಿಕ್ಕವು ಎಲ್ಲೆಲ್ಲಿಯವೋ ಇರುತ್ತವೆ. ದಕ್ಷಿಣದ ಆಮೆಗಳಿಗೂ ವಾಯವ್ಯ ಭಾರತದವಕ್ಕೂ ಆನುವಂಶಿಕ ವ್ಯತ್ಯಾಸವಿದೆ. ಸಿಕ್ಕ ಕಾಡಿಗೆ ಬಿಟ್ಟರೆ ಸಂತತಿ ಬೆರೆಯುತ್ತದೆ, ರೋಗವೂ ಹರಡುತ್ತದೆ.

ಗಂಧದ ಮರಕ್ಕೂ ಇದು ಆಗುತ್ತದೆಯೇ?

ಕಷ್ಟ. ಬೆಲೆ ಇರುವುದು ಚೇಗಿಗೆ, ಚೇಗು ಸತ್ತ ಜೀವಕೋಶಗಳ ಭಾಗ, ಅದರಲ್ಲಿ ಡಿಎನ್‌ಎ ತೀರಾ ಕಡಿಮೆ. ಮರದ ಜಾತಿ ಗುರುತಿಸಲು ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಂಥ ಕಡೆ ಸೂಕ್ಷ್ಮದರ್ಶಕದಲ್ಲಿ ಮರದ ರಚನೆ ನೋಡುವುದೇ ಮೊದಲ ದಾರಿ. ಕಡಿದ ಬೊಡ್ಡೆಗೂ ಸಿಕ್ಕ ದಿಮ್ಮಿಗೂ ತಾಳೆ ಹಾಕಬೇಕಾದರೆ ತೊಗಟೆಯ ಒಳಪದರ, ಬಿಳಿಮರದಿಂದ (ಚೇಗಿನ ಸುತ್ತಲಿನ ಬಿಳಿ ಭಾಗದಿಂದ) ಬೇಗ ಮಾದರಿ ತೆಗೆದು ಸಿಲಿಕಾ ಜೆಲ್‌ನಲ್ಲಿ ಒಣಗಿಸಿ.

ಎಷ್ಟು ದಿನ ಬೇಕು?

ಒಳ್ಳೆಯ ಮಾಂಸದ ಮಾದರಿಯ ಕೆಲಸ ಒಂದು ವಾರದೊಳಗೆ ಮುಗಿಯಬಲ್ಲದು. ವರದಿಗೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುವುದು ಸರತಿಯಿಂದ, ಮಾದರಿಯ ದುಃಸ್ಥಿತಿಯಿಂದ, ಪತ್ರವ್ಯವಹಾರದಿಂದ. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಅನುಕ್ರಮ ಯಂತ್ರಗಳೂ ಸ್ಥಳದಲ್ಲೇ ಬಳಸುವ ಕಿಟ್‌ಗಳೂ ಬರುತ್ತಿವೆ. ತಪಾಸಣೆಯ ಮಟ್ಟಿಗೆ ಉಪಯುಕ್ತ, ನ್ಯಾಯಾಲಯಕ್ಕೆ ಪ್ರಯೋಗಾಲಯದ ವರದಿಯೇ ಬೇಕು. ಹಾಳಾದ ಮಾದರಿಗಳ ಮಟ್ಟಿಗೆ ಬೆಂಗಳೂರಿನ ಎನ್‌ಸಿಬಿಎಸ್‌ನ (ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ) ಉಮಾ ರಾಮಕೃಷ್ಣನ್ ಅವರ ತಂಡ 2019ರಲ್ಲಿ ಪ್ರಕಟಿಸಿದ ವಿಧಾನ ಗಮನಾರ್ಹ. ಹುಲಿಯ ಹಿಕ್ಕೆ, ಕೂದಲಿನಂಥ ಬಡ ಮಾದರಿಯಿಂದಲೂ ಅನೇಕ ಎಸ್‌ಎನ್‌ಪಿಗಳನ್ನು ಒಟ್ಟಿಗೆ, ಕಡಿಮೆ ಖರ್ಚಿನಲ್ಲಿ ಓದುತ್ತದೆ.

ನ್ಯಾಯಾಲಯದಲ್ಲಿ ತಜ್ಞರು ಬರಲೇಬೇಕೇ?

ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 329ರಲ್ಲಿ (ಹಳೆಯ ಸಿಆರ್‌ಪಿಸಿ 293) ಹೆಸರಿಸಿದ ಅಥವಾ ಅಧಿಸೂಚಿಸಿದ ಸರ್ಕಾರಿ ವೈಜ್ಞಾನಿಕ ತಜ್ಞರ ವರದಿಯನ್ನು ನೇರ ಸಾಕ್ಷ್ಯವಾಗಿ ಬಳಸಬಹುದು. ನ್ಯಾಯಾಲಯ ಬಯಸಿದರೆ ಕರೆಸುತ್ತದೆ. ಉಳಿದವರು ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 39ರ ತಜ್ಞರಾಗಿ ಬಂದು ಸಾಕ್ಷ್ಯ ನುಡಿಯಬೇಕು. ಕೇಳುವ ಪ್ರಶ್ನೆಗಳು ಊಹಿಸಬಹುದಾದವೇ: ಮೊಹರು ಸರಿಯಿತ್ತೇ, ಖಾಲಿ ಟ್ಯೂಬಿನ ಫಲಿತಾಂಶ ಎಲ್ಲಿದೆ, ಹೋಲಿಸಿದ ಅನುಕ್ರಮ ಯಾರದು? 'ಒಂದೇ ಪ್ರಾಣಿ' ಎಂದಿದ್ದರೆ, ಆ ಕಾಡಿನ ಇನ್ನೊಂದು ಪ್ರಾಣಿಗೆ ಅದೇ ಗುರುತು ಬರುವ ಸಾಧ್ಯತೆ ಎಷ್ಟು ಎಂದೂ ಕೇಳುತ್ತಾರೆ. ಪ್ರಾಣಿಗಳ ಸಂಖ್ಯೆ ಕಡಿಮೆ ಇರುವ ಕಾಡುಗಳಲ್ಲಿ ಎಲ್ಲವೂ ನಂಟರೇ ಆಗಿರುವುದರಿಂದ, ಒಡಹುಟ್ಟಿದವುಗಳ ಲೆಕ್ಕವನ್ನೂ ಹಾಕಿದ ಸಂಖ್ಯೆಯೇ ನ್ಯಾಯಾಲಯದಲ್ಲಿ ನಿಲ್ಲುವುದು.

ಮನೆಯಲ್ಲಿ ಅಜ್ಜನ ಕಾಲದ ಉಗುರು, ಕೊಂಬು ಇದೆ. ನಾನೇ ಪರೀಕ್ಷೆ ಮಾಡಿಸಬಹುದೇ?

ಈ ಪ್ರಯೋಗಾಲಯಗಳು ತನಿಖಾಧಿಕಾರಿ ಅಥವಾ ನ್ಯಾಯಾಲಯದ ಮೂಲಕ ಬಂದ ಮಾದರಿಗಳಿಗಾಗಿ ಇರುವಂಥವು. ಕೊರಿಯರಿನಲ್ಲಿ ಕಳಿಸುವುದೇ ಇನ್ನೊಂದು ತಾಪತ್ರಯ, ವನ್ಯಜೀವಿ ಅಂಗದ ಸಾಗಾಟವಾಗಬಹುದು. ಹಳೆಯ ವಸ್ತುಗಳನ್ನು ಘೋಷಿಸಿಕೊಳ್ಳಲು 2003ರ ನಿಯಮಗಳಲ್ಲಿ 180 ದಿನಗಳ ಅವಕಾಶವಿತ್ತು. ಆಗ ಘೋಷಿಸಿ ಪಡೆದ ಮಾಲೀಕತ್ವದ ಪ್ರಮಾಣಪತ್ರ ಬೀರುವಿನಲ್ಲಿ ಇದೆಯೇ ಎಂದು ಮೊದಲು ಹುಡುಕಿ. ಇಲ್ಲದಿದ್ದರೆ ಮಾರಬೇಡಿ, ಯಾರಿಗೂ ಉಡುಗೊರೆ ಕೊಡಬೇಡಿ, ಸುಟ್ಟುಹಾಕಲೂ ಹೋಗಬೇಡಿ. ವಕೀಲರೊಬ್ಬರನ್ನು ಕೇಳಿಕೊಂಡು ಅರಣ್ಯ ಇಲಾಖೆಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದುಕೊಳ್ಳಿ.